ಕೊಲಂಬಿಯಾ–ಸ್ನೇಕ್ ನದಿಗಳ ಅಣೆಕಟ್ಟುಗಳು ಮತ್ತು ನೌಕಾ ಲಾಕ್‌ಗಳು

ಕೊಲಂಬಿಯಾ–ಸ್ನೇಕ್ ಜಲಮಾರ್ಗವು ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ಭಾಗದಲ್ಲಿರುವ ಒಳನಾಡಿನ ನೌಕಾಮಾರ್ಗ. ಪೆಸಿಫಿಕ್ ಸಾಗರದಿಂದ ಐಡಾಹೊ ರಾಜ್ಯದ ಲೂಯಿಸ್ಟನ್ ನಗರದವರೆಗೆ ಇದರ ಉದ್ದ ಸುಮಾರು 748 ಕಿ.ಮೀ. ಈ ಮಾರ್ಗದಲ್ಲಿರುವ ಎಂಟು ಅಣೆಕಟ್ಟುಗಳು ಜಲವಿದ್ಯುತ್ತನ್ನು ಉತ್ಪಾದಿಸುತ್ತವೆ; ಅವುಗಳಲ್ಲಿರುವ ಲಾಕ್‌ಗಳು ನೌಕೆಗಳನ್ನು ಸಮುದ್ರಮಟ್ಟಕ್ಕಿಂತ ಸುಮಾರು 225 ಮೀಟರ್ ಎತ್ತರದವರೆಗೆ ಏರಿಸುತ್ತವೆ.

ಹಿನ್ನೆಲೆ

ಕೊಲಂಬಿಯಾ ನದಿಯು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಹುಟ್ಟಿ, ಸುಮಾರು 2,000 ಕಿ.ಮೀ. ಹರಿದು ಆಸ್ಟೋರಿಯಾದ ಬಳಿ ಸಾಗರವನ್ನು ಸೇರುತ್ತದೆ. ಸ್ನೇಕ್ ಇದರ ಅತಿ ದೊಡ್ಡ ಉಪನದಿ. ರಭಸದ ಪ್ರವಾಹ ಹಾಗೂ ಜಲಪಾತಗಳಿಂದಾಗಿ ಹಿಂದೆ ಇಲ್ಲಿ ನೌಕಾಯಾನ ಕಷ್ಟಕರವಾಗಿತ್ತು. 1896ರಲ್ಲಿ ಕ್ಯಾಸ್ಕೇಡ್ ಲಾಕ್ಸ್ ಕಾಲುವೆಯೂ 1915ರಲ್ಲಿ ಡಾಲ್ಸ್–ಸಿಲೈಲೊ ಕಾಲುವೆಯೂ ತೆರೆದು, ಎರಡು ದೊಡ್ಡ ಅಡೆತಡೆಗಳನ್ನು ಬಳಸಿ ಸಾಗಲು ದಾರಿಯಾಯಿತು.

ಅಣೆಕಟ್ಟುಗಳು

ಸಮುದ್ರದ ಕಡೆಯಿಂದ ಮೇಲಕ್ಕೆ ಸಾಗುವಾಗ ಸಿಗುವ ಅಣೆಕಟ್ಟುಗಳು ಹೀಗಿವೆ:

* ಕೊಲಂಬಿಯಾ ನದಿಯಲ್ಲಿ: ಬಾನ್‌ವಿಲ್, ದ ಡಾಲ್ಸ್, ಜಾನ್ ಡೇ, ಮೆಕ್‌ನೇರಿ
* ಸ್ನೇಕ್ ನದಿಯಲ್ಲಿ: ಐಸ್ ಹಾರ್ಬರ್, ಲೋವರ್ ಮಾನ್ಯುಮೆಂಟಲ್, ಲಿಟಲ್ ಗೂಸ್, ಲೋವರ್ ಗ್ರಾನೈಟ್

ಇವೆಲ್ಲವನ್ನೂ ಅಮೆರಿಕ ಸೇನೆಯ ಎಂಜಿನಿಯರ್ ದಳವು ನಿರ್ವಹಿಸುತ್ತದೆ. ಇವುಗಳಲ್ಲಿ ಮೊದಲನೆಯದಾದ ಬಾನ್‌ವಿಲ್ 1938ರಲ್ಲಿ ಕಾರ್ಯಾರಂಭ ಮಾಡಿತು. 1975ರಲ್ಲಿ ಲೋವರ್ ಗ್ರಾನೈಟ್ ಪೂರ್ಣಗೊಂಡಾಗ ಲೂಯಿಸ್ಟನ್ ಒಂದು ಬಂದರಾಯಿತು. ಜಾನ್ ಡೇ ಅಣೆಕಟ್ಟಿನ ವಿದ್ಯುತ್ ಸಾಮರ್ಥ್ಯ ಸುಮಾರು 2,160 ಮೆಗಾವ್ಯಾಟ್. ನದಿಯ ಮೇಲ್ಭಾಗದಲ್ಲಿರುವ ಗ್ರ್ಯಾಂಡ್ ಕೂಲಿ ಅಣೆಕಟ್ಟು (ಸುಮಾರು 6,800 ಮೆಗಾವ್ಯಾಟ್) ಅಮೆರಿಕದ ಅತಿ ದೊಡ್ಡ ಜಲವಿದ್ಯುತ್ ಕೇಂದ್ರವಾದರೂ ಅಲ್ಲಿ ಲಾಕ್ ಇಲ್ಲ.

ಲಾಕ್‌ನ ಕಾರ್ಯವಿಧಾನ

ಲಾಕ್ ಎಂದರೆ ಎರಡೂ ತುದಿಗಳಲ್ಲಿ ಬಾಗಿಲುಗಳಿರುವ ಕಾಂಕ್ರೀಟಿನ ಕೋಣೆ. ಮೇಲಕ್ಕೆ ಹೋಗುವ ನೌಕೆಯು ಕೆಳಬಾಗಿಲಿನಿಂದ ಒಳಬಂದ ಮೇಲೆ ಬಾಗಿಲನ್ನು ಮುಚ್ಚಿ, ಜಲಾಶಯದ ನೀರನ್ನು ಕೊಳವೆಮಾರ್ಗಗಳ ಮೂಲಕ ಒಳಬಿಡಲಾಗುತ್ತದೆ. ನೀರಿನೊಡನೆ ನೌಕೆಯೂ ಏರಿ, ಜಲಾಶಯದ ಮಟ್ಟವನ್ನು ಮುಟ್ಟಿದಾಗ ಮೇಲ್ಬಾಗಿಲು ತೆರೆಯುತ್ತದೆ. ಕೆಳಕ್ಕೆ ಇಳಿಯುವಾಗ ಕೋಣೆಯ ನೀರನ್ನು ಹೊರಬಿಡಲಾಗುತ್ತದೆ. ನೀರು ತನ್ನ ಭಾರದಿಂದಲೇ ಹರಿಯುವುದರಿಂದ ಪಂಪುಗಳ ಅಗತ್ಯವಿಲ್ಲ. ಇಲ್ಲಿನ ಲಾಕ್‌ಗಳು ಸುಮಾರು 206 ಮೀಟರ್ ಉದ್ದ ಮತ್ತು 26 ಮೀಟರ್ ಅಗಲವಿದ್ದು, ಜಾನ್ ಡೇ ಲಾಕ್ ನೌಕೆಗಳನ್ನು ಒಂದೇ ಬಾರಿಗೆ 30 ಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿಸುತ್ತದೆ. ಬಾನ್‌ವಿಲ್‌ನ ಹಳೆಯ ಲಾಕ್ ಚಿಕ್ಕದಾಗಿದ್ದರಿಂದ 1993ರಲ್ಲಿ ಹೊಸದನ್ನು ತೆರೆಯಲಾಯಿತು.

ಸರಕು ಸಾಗಣೆ

ಕೆಳಮುಖವಾಗಿ ಸಾಗುವ ಮುಖ್ಯ ಸರಕು ಗೋಧಿ. ಒಳನಾಡಿನಲ್ಲಿ ಬೆಳೆದ ಗೋಧಿಯನ್ನು ಬಾರ್ಜ್‌ಗಳು ಪೋರ್ಟ್‌ಲ್ಯಾಂಡ್, ವ್ಯಾಂಕೂವರ್ (ವಾಷಿಂಗ್ಟನ್ ರಾಜ್ಯ) ಮೊದಲಾದ ಬಂದರುಗಳಿಗೆ ತರುತ್ತವೆ. ಅಲ್ಲಿಂದ ಅದು ಸಾಗರ ಹಡಗುಗಳಲ್ಲಿ ರಫ್ತಾಗುತ್ತದೆ.

ಮೀನು ಮತ್ತು ಮೂಲನಿವಾಸಿಗಳು

ಸಾಲ್ಮನ್ ಮೀನುಗಳು ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ತಾವು ಹುಟ್ಟಿದ ತೊರೆಗಳಿಗೆ ಮರಳುತ್ತವೆ. ಅವು ಹತ್ತಿ ಹೋಗಲೆಂದು ಈ ಎಂಟೂ ಅಣೆಕಟ್ಟುಗಳಲ್ಲಿ ಮೆಟ್ಟಿಲಿನಂತಹ ಮೀನುದಾರಿಗಳಿವೆ. ಆದರೆ ಸಮುದ್ರದತ್ತ ಇಳಿಯುವ ಮರಿಮೀನುಗಳಿಗೆ ಟರ್ಬೈನ್‌ಗಳೂ, ನಿಧಾನವಾಗಿ ಹರಿದು ಬೆಚ್ಚಗಾಗುವ ಜಲಾಶಯದ ನೀರೂ ಅಪಾಯಕಾರಿ. ಗ್ರ್ಯಾಂಡ್ ಕೂಲಿಯಲ್ಲಿ ಮೀನುದಾರಿಯೇ ಇಲ್ಲದ್ದರಿಂದ ಮೇಲ್ಭಾಗದ ನದಿಗೆ ಸಾಲ್ಮನ್‌ಗಳ ಸಹಜ ವಲಸೆ ನಿಂತುಹೋಯಿತು. 1991ರಲ್ಲಿ ಸ್ನೇಕ್ ನದಿಯ ಸಾಕ್‌ಐ ಸಾಲ್ಮನ್ ಅನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಸಿಲೈಲೊ ಜಲಪಾತವು ಸಾವಿರಾರು ವರ್ಷಗಳಿಂದ ಮೂಲನಿವಾಸಿಗಳ ಮೀನುಗಾರಿಕೆಯ ಹಾಗೂ ವ್ಯಾಪಾರದ ನೆಲೆಯಾಗಿತ್ತು. 1957ರ ಮಾರ್ಚ್ 10ರಂದು ದ ಡಾಲ್ಸ್ ಅಣೆಕಟ್ಟಿನ ಬಾಗಿಲುಗಳನ್ನು ಮುಚ್ಚಿದಾಗ, ಕೆಲವೇ ಗಂಟೆಗಳಲ್ಲಿ ಅದು ನೀರಿನಡಿ ಮರೆಯಾಯಿತು. ರೂಢಿಯ ತಾಣಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಯಾಕಮಾ, ಯುಮಟಿಲಾ, ವಾರ್ಮ್ ಸ್ಪ್ರಿಂಗ್ಸ್ ಮತ್ತು ನೆಜ್ ಪರ್ಸ್ ಜನಾಂಗಗಳು 1855ರ ಒಪ್ಪಂದಗಳಲ್ಲಿ ಉಳಿಸಿಕೊಂಡಿದ್ದವು.

ಅಣೆಕಟ್ಟು ತೆರವಿನ ಚರ್ಚೆ

ಸ್ನೇಕ್ ನದಿಯ ನಾಲ್ಕು ಅಣೆಕಟ್ಟುಗಳನ್ನು ಒಡೆದು ನದಿಯನ್ನು ಮುಕ್ತವಾಗಿ ಹರಿಯಬಿಡಬೇಕೆಂದು ಹಲವು ಮೂಲನಿವಾಸಿ ಜನಾಂಗಗಳು ಹಾಗೂ ಪರಿಸರ ಸಂಘಟನೆಗಳು ಒತ್ತಾಯಿಸುತ್ತಿವೆ. ಹಾಗಾದಲ್ಲಿ ಲಾಕ್‌ಗಳೂ ಇಲ್ಲವಾಗಿ, ಲೂಯಿಸ್ಟನ್‌ಗೆ ಬಾರ್ಜ್ ಸಂಚಾರ ನಿಲ್ಲುತ್ತದೆ; ಗೋಧಿಯನ್ನು ರೈಲು ಅಥವಾ ಲಾರಿಗಳಲ್ಲಿ ಸಾಗಿಸಬೇಕಾಗುತ್ತದೆ. ಆದ್ದರಿಂದ ರೈತರು ಮತ್ತು ಬಂದರುಗಳ ಆಡಳಿತಗಳು ಇದನ್ನು ವಿರೋಧಿಸುತ್ತವೆ. 2023ರ ಡಿಸೆಂಬರ್‌ನಲ್ಲಿ ಸಾಲ್ಮನ್ ಪುನಶ್ಚೇತನಕ್ಕಾಗಿ ಒಕ್ಕೂಟ ಸರ್ಕಾರವು ಮಾಡಿಕೊಂಡ ಒಪ್ಪಂದದಿಂದ 2025ರ ಜೂನ್‌ನಲ್ಲಿ ಅದೇ ಸರ್ಕಾರ ಹಿಂದೆ ಸರಿಯಿತು.