ಗುಹೆಯಿಂದ ಅಂತರಿಕ್ಷಕ್ಕೆ: ಅಕ್ಷರಸಾಹಸಗಳ ವಿಕಾಸ

ಚಿತ್ರದ ನೆರವಿಲ್ಲದೆ, ಧ್ವನಿಯ ಹಂಗಿಲ್ಲದೆ, ಕೇವಲ ವಾಕ್ಯಗಳ ಬಲದಿಂದ ಒಂದು ಲೋಕವನ್ನು ನಿರ್ಮಿಸಿ, ಓದುಗನನ್ನೇ ಅದರ ನಾಯಕನನ್ನಾಗಿ ನಿಲ್ಲಿಸುವ ಗಣಕಕ್ರೀಡೆಯೊಂದುಂಟು; ಟೆಕ್ಸ್ಟ್ ಅಡ್ವೆಂಚರ್ ಎಂದು ಅದರ ಪ್ರಸಿದ್ಧನಾಮ. ಯಂತ್ರವು ಸನ್ನಿವೇಶವನ್ನು ಬರೆದು ತೋರಿಸುವುದು. ಆಡುವವನು ತಾನು ಮಾಡಬೇಕೆಂದಿರುವುದನ್ನು ಟೈಪು ಮಾಡುವನು. ಕಥೆ ಆ ಮಾತನ್ನು ಅನುಸರಿಸಿ ಸಾಗುವುದು. ಇದನ್ನು ಸಾಹಿತ್ಯಪ್ರಕಾರವೆಂದೇ ನಾನು ಎಣಿಸುತ್ತೇನೆ.

ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ಸಂಚರಿಸಿ ಅವುಗಳ ನಕ್ಷೆಗೆ ದುಡಿದಿದ್ದ ವಿಲ್ ಕ್ರೌದರ್, 1976ರ ಸುಮಾರಿಗೆ ತನ್ನ ಪುತ್ರಿಯರ ವಿನೋದಕ್ಕಾಗಿ ಪಿಡಿಪಿ-10 ಗಣಕದಲ್ಲಿ ಫೋರ್ಟ್ರಾನ್ ಎಂಬ ಗಣಕಭಾಷೆಯ ಮೂಲಕ ರಚಿಸಿದ 'ಅಡ್ವೆಂಚರ್' ಇದರ ಆದಿಕೃತಿ. ಮರುವರ್ಷ ಸ್ಟಾನ್‌ಫರ್ಡಿನ ಡಾನ್ ವುಡ್ಸ್ ಅದನ್ನು ವಿಸ್ತರಿಸಿದನು. ಅದಕ್ಕೆ ಅರ್ಥವಾಗುತ್ತಿದ್ದುದು ಎರಡೆರಡು ಪದಗಳ ಆಜ್ಞೆ ಮಾತ್ರ. ಪ್ರತಿ ಪದದಲ್ಲಿಯೂ ಮೊದಲ ಐದು ಅಕ್ಷರಗಳಾಚೆಗೆ ಅದು ನೋಡುತ್ತಿರಲಿಲ್ಲ. 1977ರಲ್ಲಿ ಎಂಐಟಿಯಲ್ಲಿ ಆರಂಭವಾದ 'ಝೋರ್ಕ್' ಪೂರ್ಣವಾಕ್ಯಗಳನ್ನು ಗ್ರಹಿಸತೊಡಗಿತು. ಅದರ ಕರ್ತೃಗಳು ಸಹೋದ್ಯೋಗಿಗಳೊಡನೆ 1979ರಲ್ಲಿ ಇನ್ಫೋಕಾಮ್ ಸಂಸ್ಥೆಯನ್ನು ಸ್ಥಾಪಿಸಿದರು.

ವೈಜ್ಞಾನಿಕ ಕಲ್ಪನೆ ಈ ಪ್ರಕಾರದಲ್ಲಿ ಪ್ರೌಢಿಮೆಯನ್ನು ಪಡೆದುದು ಈ ಸಂಸ್ಥೆಯ ಆಟಗಳಲ್ಲಿಯೇ. 1982ರ 'ಸ್ಟಾರ್‌ಕ್ರಾಸ್' ಅಪರಿಚಿತ ಮಹಾನೌಕೆಯೊಳಕ್ಕೆ ನಮ್ಮನ್ನು ಕೊಂಡೊಯ್ಯಿತು. ಆದರೆ ನನ್ನ ಮೆಚ್ಚುಗೆ 1983ರ 'ಸಸ್ಪೆಂಡೆಡ್'ಗೆ ಮೀಸಲು. ಅದರಲ್ಲಿ ಆಡುವವನು ಹಿಮನಿದ್ರೆಯಲ್ಲಿ ಮಲಗಿದ್ದಾನೆ; ಏಳಲಾರ, ನಡೆಯಲಾರ. ಆರು ಯಂತ್ರಮಾನವರನ್ನು ಕಳುಹಿಸಿ, ಅವರ ವರದಿಗಳಿಂದಲೇ ಆತ ಒಂದು ಗ್ರಹವನ್ನು ಕಾಪಾಡಬೇಕು. ಐರಿಸ್‌ಗೆ ಕಣ್ಣುಂಟು, ಔಡಾಗೆ ಕಿವಿಯುಂಟು. ಒಂದೇ ಕೋಣೆಯನ್ನು ಒಬ್ಬೊಬ್ಬರೂ ತಮ್ಮ ಇಂದ್ರಿಯಕ್ಕೆ ತಕ್ಕಂತೆ ಬಣ್ಣಿಸುವರು. ಚಿತ್ರವಿದ್ದಿದ್ದರೆ ಈ ಕಲ್ಪನೆ ಹುಟ್ಟುತ್ತಲೇ ಇರಲಿಲ್ಲ. ಅದೇ ವರ್ಷದ 'ಪ್ಲಾನೆಟ್‌ಫಾಲ್'ನಲ್ಲಿ ಫ್ಲಾಯ್ಡ್ ಎಂಬ ಯಂತ್ರಸಖನು ನಾಯಕನಿಗಾಗಿ ಪ್ರಾಣಾರ್ಪಣೆ ಮಾಡುವ ಪ್ರಸಂಗ ಎಷ್ಟೋ ಜನರ ಕಣ್ಣನ್ನು ತೇವಗೊಳಿಸಿತು.

ಚಿತ್ರಪ್ರಧಾನ ಆಟಗಳ ಪ್ರವಾಹದಲ್ಲಿ ಇನ್ಫೋಕಾಮ್ 1989ರಲ್ಲಿ ಮುಚ್ಚಿತು. ಆದರೆ 1993ರಲ್ಲಿ ಗ್ರಹಾಂ ನೆಲ್ಸನ್ 'ಇನ್‌ಫಾರ್ಮ್' ಎಂಬ ರಚನಾಸಾಧನವನ್ನು ಉಚಿತವಾಗಿ ನೀಡಿದ ಮೇಲೆ, ಹವ್ಯಾಸಿಗಳ ಕೈಯಲ್ಲಿ ಈ ಕಲೆ ಪುನಃ ಚಿಗುರಿತು.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕಥೆಗೆ ನೆಲೆಯೊದಗಿಸಿದ್ದಾರೆ. ಕನ್ನಡದ ಅಕ್ಷರ ಗಣಕದಲ್ಲಿ ಮೂಡಿಯೂ ದಶಕಗಳಾದುವು. ಆದರೆ ಇಂಥ ಆಟವನ್ನು ಕನ್ನಡದಲ್ಲಿ ಕಟ್ಟಹೊರಟರೆ ಭಾಷೆಯದೇ ಒಂದು ತೊಡಕು ಎದುರಾಗುತ್ತದೆ. 'ಪೆಟ್ಟಿಗೆಯಿಂದ ದೀಪವನ್ನು ತೆಗೆ' ಎಂದರೂ, 'ದೀಪವನ್ನು ಪೆಟ್ಟಿಗೆಯಿಂದ ತೆಗೆ' ಎಂದರೂ ನಮಗೆ ಅರ್ಥ ಒಂದೇ. ಏನನ್ನು, ಎಲ್ಲಿಂದ ಎಂಬುದನ್ನು ವಿಭಕ್ತಿಯೇ ಹೇಳುತ್ತದೆ. ಆದ್ದರಿಂದ ಪದಕ್ರಮವನ್ನು ನೆಚ್ಚಿದ ಇಂಗ್ಲಿಷಿನ ವಿಧಾನ ಇಲ್ಲಿ ಸಾಲದು. ಪ್ರತ್ಯಯಗಳನ್ನು ಬಿಡಿಸಿ ಓದುವ ವಿಧಾನವನ್ನು ನಾವೇ ರೂಪಿಸಬೇಕು. ಇದು ಕಷ್ಟಸಾಧ್ಯ, ಅಸಾಧ್ಯವಲ್ಲ. ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಗೆ ವೈಟ್‌ಫೀಲ್ಡಿನ ತಂತ್ರಾಂಶ ಕಚೇರಿಗಳು ದೂರವಿಲ್ಲ. ಆ ಊರಿನ ಬಾಲಕಿಯೊಬ್ಬಳು 'ನೌಕೆಯ ಬಾಗಿಲನ್ನು ತೆರೆ' ಎಂದು ಕನ್ನಡದಲ್ಲಿ ಟೈಪು ಮಾಡಿ ಅಂತರಿಕ್ಷವನ್ನು ಪ್ರವೇಶಿಸುವಂತಾಗಲು, ಅಂಥ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರೂ ನಮ್ಮ ಕತೆಗಾರರೂ ಒಂದೆಡೆ ಕುಳಿತು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.