ಜಿಲೆಟಿನ್ ಕಡ್ಡಿಯೊಳಗಿನ ಹತ್ತಿ

ನಮ್ಮೂರಲ್ಲಿ ಬಾವಿ ತೋಡುವಾಗ ಬಂಡೆ ಅಡ್ಡ ಬಂದ್ರೆ ಜಿಲೆಟಿನ್ ಕಡ್ಡಿ ತರಿಸೋರು. ಮಕ್ಕಳನ್ನೆಲ್ಲ ಬೇಲಿಯಾಚೆ ಓಡಿಸಿ, ತೂತಿಗೆ ಕಡ್ಡಿ ಇಳಿಸಿ, ಬತ್ತಿ ಹಚ್ಚಿದವರು ಎದ್ದೆನೋ ಬಿದ್ದೆನೋ ಅಂತ ಮೇಲೆ ಹತ್ತಿ ಬರೋರು. ಜಿಲೆಟಿನ್ ಅಂದ್ರೆ ಮೂಳೆ, ಚರ್ಮದಿಂದ ತೆಗೆಯೋ ಜೆಲ್ಲಿ ಪದಾರ್ಥ ಅಂತ ಗೊತ್ತಾಗಿದ್ದು ಬಿಇ ಸೇರಿದ ಮೇಲೆ. ಜೆಲ್ಲಿ ಬಂಡೆ ಒಡೆಯುತ್ತಾ? ಹುಡುಕಿದಾಗ ಸಿಕ್ಕಿದ್ದು ಹತ್ತಿ.

1846ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಷೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಹತ್ತಿಯನ್ನು ಆಮ್ಲಗಳಲ್ಲಿ ಅದ್ದಿ ಸಿಡಿಯುವ ಹತ್ತಿ ಮಾಡಿದ. (ಹೆಂಡತಿಯ ಏಪ್ರನ್‌ನಿಂದ ಆಮ್ಲ ಒರೆಸಿದಾಗ ಅದು ಭಗ್ ಅಂದ ಕಥೆ ನನಗಂತೂ ನಂಬೋಕೆ ಕಷ್ಟ.) ಮರುವರ್ಷವೇ ಇಟಲಿಯ ಸೊಬ್ರೆರೊ ನೈಟ್ರೋಗ್ಲಿಸರಿನ್ ತಯಾರಿಸಿದ. ಎಣ್ಣೆಯಂಥ ದ್ರವ, ಕುಲುಕಿದರೂ ಸಿಡಿಯಬಹುದು. 1864ರಲ್ಲಿ ಸ್ಟಾಕ್‌ಹೋಮ್ ಬಳಿ ಅದು ಸಿಡಿದು ಸತ್ತವರಲ್ಲಿ ಆಲ್ಫ್ರೆಡ್ ನೊಬೆಲ್‌ನ ತಮ್ಮ ಎಮಿಲ್ ಕೂಡ ಒಬ್ಬ.

ದ್ರವವನ್ನು ಹಿಡಿದಿಡಬೇಕಿತ್ತು. 1867ರ ಡೈನಮೈಟ್‌ನಲ್ಲಿ ನೊಬೆಲ್ ಅದನ್ನು ಒಂದು ಬಗೆಯ ಹಗುರ ಮಣ್ಣಿಗೆ ಕುಡಿಸಿದ. ಮುಕ್ಕಾಲು ಪಾಲು ದ್ರವ, ಕಾಲು ಪಾಲು ಮಣ್ಣು. ಆದರೆ ಮಣ್ಣು ಉರಿಯೋದಿಲ್ಲ, ಬರೀ ಭಾರ. ಮೇಲಾಗಿ ನೀರು ತಾಗಿದ್ರೆ ಮಣ್ಣು ನೀರನ್ನು ಹೀರಿ ನೈಟ್ರೋಗ್ಲಿಸರಿನ್ ಬಿಟ್ಟುಕೊಡುತ್ತಿತ್ತು. ಒದ್ದೆ ಗಣಿಯಲ್ಲಿ ಕೆಲಸ ಮಾಡೋನಿಗೆ ಇದು ಸಾವಿನ ವಿಷಯ.

1875ರಲ್ಲಿ ನೊಬೆಲ್ ಪ್ಯಾರಿಸ್‌ನಲ್ಲಿದ್ದ. ಬೆರಳು ಕೊಯ್ದುಕೊಂಡು, ಗಾಯಕ್ಕೆ ಕೊಲೋಡಿಯನ್ ಹಚ್ಚಿದನಂತೆ. ಇದೂ ಅದೇ ಆಮ್ಲದ ಹತ್ತಿ, ಆದರೆ ಸ್ವಲ್ಪ ಕಡಿಮೆ ಸಂಸ್ಕರಿಸಿದ್ದು. ಈಥರ್ ಮತ್ತು ಆಲ್ಕೋಹಾಲ್‌ನಲ್ಲಿ ಕರಗುತ್ತೆ. ನೋವಿಗೆ ನಿದ್ದೆ ಬಾರದೆ ಲ್ಯಾಬಿಗೆ ಹೋಗಿ ಅದನ್ನು ನೈಟ್ರೋಗ್ಲಿಸರಿನ್‌ಗೆ ಬೆರೆಸಿದ ಅನ್ನೋದು ಕಥೆ. ಸಿಕ್ಕಿದ್ದಂತೂ ನಿಜ: ಗಟ್ಟಿ, ಜಿಗುಟು, ಪಾರದರ್ಶಕ ಜೆಲ್. ನೂರರಲ್ಲಿ ಏಳೆಂಟು ಪಾಲು ಹತ್ತಿ ಉಳಿದ ತೊಂಬತ್ತೆರಡು ಪಾಲು ದ್ರವವನ್ನು ಹಿಡಿದುಕೊಂಡಿತ್ತು!

ಹೇಗೆ? ಹತ್ತಿ ಅಂದ್ರೆ ಸೆಲ್ಯುಲೋಸ್, ಗ್ಲುಕೋಸ್ ಕೊಂಡಿಗಳ ಉದ್ದುದ್ದ ಸರಪಳಿ. ಪ್ರತಿ ಕೊಂಡಿಯಲ್ಲೂ ಮೂರು ಹೈಡ್ರಾಕ್ಸಿಲ್ ಗುಂಪುಗಳು. ಅವುಗಳ ನಡುವಿನ ಹೈಡ್ರೋಜನ್ ಬಂಧಗಳಿಂದ ಸರಪಳಿಗಳು ಒಂದನ್ನೊಂದು ಬಿಗಿಯಾಗಿ ತಬ್ಬಿರುತ್ತವೆ. ಅದಕ್ಕೇ ಪಂಚೆ ಎಷ್ಟು ಒಗೆದರೂ ಕರಗಲ್ಲ. ಆ ಜಾಗಗಳಲ್ಲಿ ಹೆಚ್ಚಿನವಕ್ಕೆ ನೈಟ್ರೇಟ್ ಗುಂಪು ಕೂತರೆ ಅಪ್ಪುಗೆ ಸಡಿಲ. ನೈಟ್ರೋಗ್ಲಿಸರಿನ್‌ನಲ್ಲೂ ಇರೋದು ನೈಟ್ರೇಟ್ ಗುಂಪುಗಳೇ. ಹಾಗಾಗಿ ಅದು ನೆಂಟರ ಮನೆಗೆ ನುಗ್ಗಿದ ಹಾಗೆ ಸರಪಳಿಗಳ ನಡುವೆ ಸೇರಿ ಅವನ್ನು ಉಬ್ಬಿಸುತ್ತೆ. ಆದರೂ ಸರಪಳಿಗಳು ಅಲ್ಲಲ್ಲಿ ಹೆಣೆದುಕೊಂಡು, ಅಂಟಿಕೊಂಡು ಬಲೆಯಾಗುತ್ತವೆ. ದ್ರವ ಒಳಗೆ ಸೆರೆ. ನೀರಲ್ಲಿ ನೆನೆದ ಕಾಮಕಸ್ತೂರಿ ಬೀಜದ ಸುತ್ತ ಲೋಳೆ ನಿಲ್ಲುತ್ತಲ್ಲ, ಹೆಚ್ಚುಕಡಿಮೆ ಹಾಗೆ. ನೀರಿಗೂ ಜಗ್ಗಲ್ಲ, ಜೊತೆಗೆ ಬಲೆಯೂ ಸಿಡಿಯೋ ವಸ್ತುವೇ.

ನೊಬೆಲ್ ಇದಕ್ಕೆ 'ಬ್ಲಾಸ್ಟಿಂಗ್ ಜೆಲಟಿನ್' ಅಂತ ಹೆಸರಿಟ್ಟ. ನಮ್ಮ ಕಡ್ಡಿಯ ಹೆಸರು ಅಲ್ಲಿಂದ ಬಂದದ್ದು, ಮೂಳೆಯಿಂದಲ್ಲ.

2004ರಲ್ಲಿ ಭಾರತದಲ್ಲಿ ನೈಟ್ರೋಗ್ಲಿಸರಿನ್ ಆಧಾರಿತ ಸ್ಫೋಟಕಗಳು ನಿಷೇಧವಾದವು. ಈಗ ಕ್ವಾರಿಗಳಿಗೆ ಹೋಗೋದು ಹೆಚ್ಚಾಗಿ ಎಮಲ್ಷನ್. ಹಳೇ ಕೋಡ್‌ನಲ್ಲಿ ಒಳಗಿನದೆಲ್ಲ ಬದಲಾದ್ರೂ ಫಂಕ್ಷನ್ ಹೆಸರು ಹಾಗೇ ಉಳಿಯುತ್ತಲ್ಲ, ಇದೂ ಹಾಗೇ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ರಾತ್ರಿ ಸ್ಫೋಟವಾಗಿ ಕಾರ್ಮಿಕರು ಸತ್ತಾಗ ಪೇಪರ್‌ಗಳು ಬರೆದದ್ದು ಜಿಲೆಟಿನ್ ಕಡ್ಡಿ ಅಂತಲೇ.