ಕೋಡ್ ತೆರೆದಿಟ್ಟರೆ ಸಾಕೇ? ಸರ್ಕಾರಿ ಆ್ಯಪ್‌ಗೆ ಕೇಳಲೇಬೇಕಾದ ನಾಲ್ಕು ಪ್ರಶ್ನೆಗಳು

2025ರ ನವೆಂಬರ್ ಕೊನೆಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಮೊಬೈಲ್ ಕಂಪನಿಗಳಿಗೆ ಒಂದು ಸೂಚನೆ ಕಳಿಸಿತು. ಭಾರತದಲ್ಲಿ ಮಾರುವ ಪ್ರತಿ ಹೊಸ ಫೋನಿನಲ್ಲೂ 'ಸಂಚಾರ್ ಸಾಥಿ' ಆ್ಯಪ್ ಮೊದಲೇ ಇರಬೇಕು ಅನ್ನುವುದು ಅದರ ತಾತ್ಪರ್ಯ. ಕಳೆದುಹೋದ ಫೋನ್ ಪತ್ತೆ ಮಾಡೋದು, ನಕಲಿ ಸಿಮ್ ತಡೆಯೋದು ಉದ್ದೇಶ ಅಂತ ಸರ್ಕಾರ ಹೇಳಿತು. ವಿಷಯ ಹೊರಬಿದ್ದ ಕೂಡಲೇ ವಿರೋಧ ಶುರುವಾಯಿತು. ಡಿಸೆಂಬರ್ 3ಕ್ಕೆ ಸರ್ಕಾರ ಕಡ್ಡಾಯವನ್ನು ಕೈಬಿಟ್ಟಿತು.

ಆ ನಾಲ್ಕಾರು ದಿನಗಳ ಚರ್ಚೆಯಲ್ಲಿ ಎರಡು ಮಾತು ಪದೇಪದೇ ಕೇಳಿಬಂದವು. ಒಂದು, "ತಪ್ಪು ಮಾಡದವನಿಗೆ ಭಯ ಯಾಕೆ?" ಇನ್ನೊಂದು, ನಮ್ಮಂಥ ತಂತ್ರಜ್ಞಾನದ ಮಂದಿ ಹೇಳುವುದು: "ಸೋರ್ಸ್ ಕೋಡ್ ತೆರೆದಿಡಲಿ, ಆಮೇಲೆ ನಂಬೋಣ." ಮೊದಲನೆಯದಕ್ಕೆ ಸುಪ್ರೀಂ ಕೋರ್ಟ್ 2017ರಲ್ಲೇ ಉತ್ತರ ಕೊಟ್ಟಿದೆ. ಎರಡನೆಯದು ಅರ್ಧ ಸರಿ. ನಾನು ವರ್ಷಗಳಿಂದ ಲಿನಕ್ಸ್ ಬಳಸುವವನು, ಓಪನ್ ಸೋರ್ಸ್ ಪರ ವಾದ ಮಾಡುವವನು. ಹಾಗಾಗಿಯೇ ಆ ಉಳಿದ ಅರ್ಧದ ಬಗ್ಗೆ ಇಲ್ಲಿ ಬರೆಯಬೇಕು ಅನಿಸಿತು. ಮುಂದಿನ ಸಲ ಇಂಥದ್ದೊಂದು ಆ್ಯಪ್ ಬಂದಾಗ (ಬಂದೇ ಬರುತ್ತದೆ) ಕೈಗೆ ಸಿಗುವಂತೆ ಇದನ್ನು ಇಟ್ಟುಕೊಳ್ಳಿ.

ಓಪನ್ ಸೋರ್ಸ್ ಅಂದರೆ ಏನು?

ಪ್ರೋಗ್ರಾಮರ್ ಬರೆದ, ಮನುಷ್ಯರು ಓದಬಹುದಾದ ಸೂಚನೆಗಳೇ ಸೋರ್ಸ್ ಕೋಡ್. ನಿಮ್ಮ ಫೋನಿಗೆ ಇಳಿಯುವುದು ಅದರಿಂದ ತಯಾರಾದ, ಯಂತ್ರಕ್ಕಷ್ಟೇ ಅರ್ಥವಾಗುವ ರೂಪ. ಅಡುಗೆ ಮತ್ತು ಅಡುಗೆ ಮಾಡುವ ವಿಧಾನದ ನಡುವಿನ ವ್ಯತ್ಯಾಸ ಅನ್ನಿ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದಾಗ ಅವರ ವಾದ ನೇರವಾಗಿತ್ತು: ತಂತ್ರಾಂಶವನ್ನು ಬಳಸುವ, ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಬಳಕೆದಾರರಿಗೆ ಇರಬೇಕು. 'ಓಪನ್ ಸೋರ್ಸ್' ಎಂಬ ಹೆಸರು ಬಂದಿದ್ದು 1998ರಲ್ಲಿ.

"ಕೋಡ್ ತೆರೆದಿಟ್ಟರೆ ಕಳ್ಳರಿಗೆ ಅನುಕೂಲ ಆಗಲ್ವಾ?" ಅಂತ ಕೇಳುವವರಿದ್ದಾರೆ. ಇದಕ್ಕೆ ಉತ್ತರ ಕಂಪ್ಯೂಟರಿಗಿಂತ ಹಳೆಯದು. ಆಗಸ್ಟ್ ಕೆರ್ಕಾಫ್ಸ್ ಎಂಬ ಭಾಷಾವಿದ್ವಾಂಸ 1883ರಲ್ಲೇ ಬರೆದಿದ್ದ: ಗೂಢಲಿಪಿಯ ವಿಧಾನ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು, ಗುಟ್ಟಾಗಿರಬೇಕಾದ್ದು ಕೀಲಿ ಮಾತ್ರ. ಬೀಗದ ವಿನ್ಯಾಸ ಊರಿಗೆಲ್ಲ ಗೊತ್ತಿದ್ದರೂ ಬೀಗ ಗಟ್ಟಿಯಾಗಿರಬೇಕು, ಅಷ್ಟೇ. ಇವತ್ತಿನ ಎನ್‌ಕ್ರಿಪ್ಷನ್ ಎಲ್ಲವೂ ಈ ತತ್ವದ ಮೇಲೆ ನಿಂತಿದೆ.

ಭಾರತ ಸರ್ಕಾರಕ್ಕೂ ಇದು ಹೊಸದಲ್ಲ. ಸರ್ಕಾರಿ ವ್ಯವಸ್ಥೆಗಳಲ್ಲಿ ಓಪನ್ ಸೋರ್ಸ್ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕು ಅನ್ನುವ ನೀತಿಯನ್ನು ಕೇಂದ್ರವೇ 2015ರಲ್ಲಿ ಹೊರಡಿಸಿದೆ. ಆದರೆ ಆ ನೀತಿ ನಿಜವಾದ ಪರೀಕ್ಷೆಗೆ ಒಳಗಾದದ್ದು ಕೋವಿಡ್ ಕಾಲದಲ್ಲಿ.

ಆರೋಗ್ಯ ಸೇತು: ಒಂದು ಪಾಠ

2020ರ ಏಪ್ರಿಲ್ 2ರಂದು ಆರೋಗ್ಯ ಸೇತು ಬಿಡುಗಡೆಯಾಯಿತು. ಹತ್ತಿರ ಬಂದ ಫೋನುಗಳು ಬ್ಲೂಟೂತ್ ಮೂಲಕ ಒಂದನ್ನೊಂದು ಗುರುತು ಹಿಡಿಯುತ್ತಿದ್ದವು. ಜೊತೆಗೆ ಜಿಪಿಎಸ್ ಮೂಲಕ ನೀವೆಲ್ಲಿದ್ದೀರಿ ಅನ್ನುವುದೂ ದಾಖಲಾಗುತ್ತಿತ್ತು. ನೋಂದಣಿ ಮಾಡುವಾಗಲೇ ಹೆಸರು, ಫೋನ್ ನಂಬರ್, ವಯಸ್ಸು, ಲಿಂಗ, ಕೆಲಸ ಎಲ್ಲವನ್ನೂ ಕೊಡಬೇಕಿತ್ತು.

ಮೇ 1ರಂದು ಗೃಹ ಸಚಿವಾಲಯ ಸರ್ಕಾರಿ, ಖಾಸಗಿ ನೌಕರರೆಲ್ಲರಿಗೂ ಆ್ಯಪ್ ಕಡ್ಡಾಯ ಎಂದಿತು. ನೋಯ್ಡಾದಲ್ಲಿ ಫೋನಿನಲ್ಲಿ ಆ್ಯಪ್ ಇಲ್ಲದಿದ್ದರೆ ಕೇಸು ಹಾಕುವುದಾಗಿ ಪೊಲೀಸರು ಹೇಳಿದರು. ರೈಲು ಹತ್ತಬೇಕಾದರೂ ಆ್ಯಪ್ ಬೇಕು ಅಂತಾಯಿತು. ದತ್ತಾಂಶ ರಕ್ಷಣಾ ಕಾನೂನಿನ ಮೊದಲ ಕರಡು ಬರೆದ ಸಮಿತಿಯ ಅಧ್ಯಕ್ಷ, ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ, ಈ ಕಡ್ಡಾಯ ಪೂರ್ತಿ ಕಾನೂನುಬಾಹಿರ ಎಂದರು. ಮೇ 17ರ ಆದೇಶದಲ್ಲಿ ಭಾಷೆ ಸ್ವಲ್ಪ ಮೆದುವಾಯಿತು.

ಮೇ 26ರಂದು ಸರ್ಕಾರ ಆಂಡ್ರಾಯ್ಡ್ ಆ್ಯಪ್‌ನ ಕೋಡ್ ಅನ್ನು ಗಿಟ್‌ಹಬ್‌ನಲ್ಲಿ ಹಾಕಿತು. ಆ ಹೊತ್ತಿಗೆ 11 ಕೋಟಿಗೂ ಹೆಚ್ಚು ಜನ ಆ್ಯಪ್ ಹಾಕಿಕೊಂಡಾಗಿತ್ತು. ಸರ್ವರ್ ಕೋಡ್ ಅಂದು ಹೊರಬರಲಿಲ್ಲ, ಮುಂದೆ ಕೊಡುವುದಾಗಿ ಹೇಳಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಆ್ಯಪ್ ಅನ್ನು ಯಾರು ಹೇಗೆ ರೂಪಿಸಿದರು ಅಂತ ಆರ್‌ಟಿಐ ಅಡಿ ಕೇಳಿದವರಿಗೆ ಸರಿಯಾದ ಉತ್ತರವೇ ಸಿಗದೆ, ಕೇಂದ್ರ ಮಾಹಿತಿ ಆಯೋಗ ಅಧಿಕಾರಿಗಳಿಗೆ ನೋಟಿಸ್ ಕೊಡಬೇಕಾಯಿತು. ಕೋಡ್ ಕಾಣುತ್ತದೆ, ಅದನ್ನು ನಡೆಸುವ ಆಡಳಿತ ಕಾಣಲ್ಲ ಅನ್ನುವ ಪರಿಸ್ಥಿತಿ.

ಇದರಿಂದ ನಾನು ಕಲಿತ ನಾಲ್ಕು ಪ್ರಶ್ನೆಗಳು ಇವು.

1. ತೋರಿಸಿದ ಕೋಡೇ ನನ್ನ ಫೋನಿನಲ್ಲಿದೆಯೇ? ಅದನ್ನು ಯಾರಾದರೂ ಓದುತ್ತಿದ್ದಾರೆಯೇ?

ಗಿಟ್‌ಹಬ್‌ನಲ್ಲಿ ಒಂದು ಕೋಡ್ ಹಾಕಿ, ಪ್ಲೇ ಸ್ಟೋರಿಗೆ ಇನ್ನೊಂದನ್ನು ಏರಿಸಲು ಅಡ್ಡಿಯೇನಿಲ್ಲ. ಎರಡೂ ಒಂದೇ ಅಂತ ಹೊರಗಿನವರು ತಾಳೆ ನೋಡುವ ವ್ಯವಸ್ಥೆ ಇರಬೇಕು. ತೆರೆದ ಕೋಡಿನಿಂದ ಯಾರೇ ಆ್ಯಪ್ ತಯಾರಿಸಿದರೂ ಅಧಿಕೃತ ಆ್ಯಪ್‌ಗೆ ಸರಿಹೊಂದಬೇಕು. ಸಿಗ್ನಲ್‌ನ ಆಂಡ್ರಾಯ್ಡ್ ಆ್ಯಪ್‌ಗೆ ಇಂಥ ವ್ಯವಸ್ಥೆ ಇದೆ.

ಇನ್ನು, ತೆರೆದಿಟ್ಟ ಮಾತ್ರಕ್ಕೆ ಯಾರೋ ಓದುತ್ತಾರೆ ಅಂತಲ್ಲ. ಓಪನ್ ಎಸ್‌ಎಸ್‌ಎಲ್‌ನಲ್ಲಿದ್ದ ಹಾರ್ಟ್‌ಬ್ಲೀಡ್ ದೋಷ 2014ರಲ್ಲಿ ಬಯಲಾಗುವ ಮುಂಚೆ ಎರಡು ವರ್ಷ ಎಲ್ಲರ ಕಣ್ಣೆದುರೇ ಇತ್ತು. 2024ರ ಮಾರ್ಚ್‌ನಲ್ಲಿ, ಲಿನಕ್ಸ್‌ನಲ್ಲಿ ಎಲ್ಲೆಡೆ ಬಳಕೆಯಾಗುವ 'ಎಕ್ಸ್‌ಝಡ್' ಎಂಬ ಸಣ್ಣ ತಂತ್ರಾಂಶದೊಳಗೆ ಯಾರೋ ಬೇಕಂತಲೇ ಹಿಂಬಾಗಿಲು ಇಟ್ಟಿದ್ದು ಪತ್ತೆಯಾಯಿತು. ಪತ್ತೆ ಮಾಡಿದ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್‌ಗೆ ಅನುಮಾನ ಬಂದದ್ದು ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಅನ್ನುವುದರಿಂದ. ಕೋಡ್ ಮುಚ್ಚಿದ್ದರೆ ಅವರು ಅನುಮಾನದಲ್ಲೇ ಉಳಿಯುತ್ತಿದ್ದರು. ತೆರೆದಿದ್ದರಿಂದ ಬುಡದ ತನಕ ಹೋಗಿ ಹುಡುಕಿದರು. ಅಂದರೆ ಓಪನ್ ಸೋರ್ಸ್ ಕೊಡುವುದು ಪರೀಕ್ಷಿಸುವ ಅವಕಾಶ. ಪರೀಕ್ಷೆ ಮಾಡುವವರು, ಅವರಿಗೆ ಸಂಬಳ ಕೊಡುವವರು ಬೇರೆ ಬೇಕು.

2. ಮಾಹಿತಿ ಎಲ್ಲಿಗೆ ಹೋಗುತ್ತದೆ?

ಆ್ಯಪ್ ಫೋನಿನಲ್ಲಿದ್ದರೂ ಮಾಹಿತಿ ಕೂಡುವುದು ಸರ್ವರಿನಲ್ಲಿ. ಸರ್ವರ್ ಒಳಗೆ ಇಣುಕಲು ನಮಗೆ ದಾರಿ ಇಲ್ಲ. ಅದಕ್ಕೇ, ಮಾಹಿತಿ ಅಲ್ಲಿಗೆ ಹೋಗದಂತೆಯೇ ಆ್ಯಪ್ ಕಟ್ಟುವುದು ಸರಿಯಾದ ದಾರಿ.

ಜರ್ಮನಿ 2020ರ ಜೂನ್‌ನಲ್ಲಿ ತನ್ನ ಕೊರೊನಾ ಆ್ಯಪ್ ತಂದಾಗ ಬಿಡುಗಡೆಗೆ ಮೊದಲೇ ಕೋಡ್ ಬಹಿರಂಗ ಮಾಡಿತ್ತು, ಸರ್ವರ್ ಭಾಗವೂ ಸೇರಿ. ಯಾರು ಯಾರನ್ನು ಭೇಟಿಯಾದರು ಎಂಬ ಲೆಕ್ಕ ಫೋನಿನೊಳಗೇ ನಡೆಯುತ್ತಿತ್ತು, ಸರ್ಕಾರದ ಬಳಿ ಆ ಪಟ್ಟಿ ಇರಲೇ ಇಲ್ಲ.

ಇನ್ನೊಂದು ಉದಾಹರಣೆ. 2016ರಲ್ಲಿ ಅಮೆರಿಕದ ವರ್ಜೀನಿಯಾದಿಂದ ಸಿಗ್ನಲ್‌ಗೆ ಬಳಕೆದಾರರ ಮಾಹಿತಿ ಕೇಳಿ ಕಾನೂನು ಪ್ರಕಾರವೇ ಸಮನ್ಸ್ ಬಂತು. ಅವರು ಕೊಡಲು ಸಾಧ್ಯವಾದದ್ದು ಎರಡೇ: ಖಾತೆ ತೆರೆದ ದಿನ, ಕೊನೆಯ ಬಾರಿ ಸರ್ವರಿಗೆ ಸಂಪರ್ಕಿಸಿದ ದಿನ. ಬೇರೇನನ್ನೂ ಇಟ್ಟುಕೊಂಡಿರಲಿಲ್ಲ. ವಾಟ್ಸಾಪ್ ಕೂಡ 2016ರಿಂದ ಸಿಗ್ನಲ್‌ನ ಎನ್‌ಕ್ರಿಪ್ಷನ್ ವಿಧಾನವನ್ನೇ ಬಳಸುತ್ತಿದೆ, ಸಂದೇಶದ ಒಳಗೇನಿದೆ ಅನ್ನುವುದು ಅದಕ್ಕೂ ಕಾಣದು. ಆದರೆ ಅದರ ಆ್ಯಪ್ ಕೋಡ್ ಮುಚ್ಚಿದೆ, ಯಾರು ಯಾರಿಗೆ ಯಾವಾಗ ಕಳಿಸಿದರು ಎಂಬ ಮೇಲ್ಪದರದ ಮಾಹಿತಿಯ ಪ್ರಶ್ನೆ ಹಾಗೇ ಉಳಿಯುತ್ತದೆ. ಪೊಲೀಸರಿಗೆ, ರಾಜಕೀಯ ಪಕ್ಷಕ್ಕೆ, ಮಾಲೀಕನಿಗೆ ಎಷ್ಟೋ ಸಲ ಅಷ್ಟೇ ಸಾಕು.

3. ಯಾವ ಕಾನೂನಿನ ಕೆಳಗೆ?

ಸಿಂಗಪುರದ ಕಥೆ ನೋಡಿ. ಅಲ್ಲಿನ ಟ್ರೇಸ್‌ಟುಗೆದರ್ ಆ್ಯಪ್ 2020ರ ಮಾರ್ಚ್‌ನಲ್ಲೇ ಬಂತು, ಅದರ ತಂತ್ರಜ್ಞಾನವನ್ನು ಓಪನ್ ಸೋರ್ಸ್ ಮಾಡಿದರು, ಜಗತ್ತೇ ಹೊಗಳಿತು. ಸೋಂಕಿತರ ಸಂಪರ್ಕ ಪತ್ತೆಗೆ ಮಾತ್ರ ಅಂತ ಮಾತು ಕೊಟ್ಟಿದ್ದರು. 2021ರ ಜನವರಿಯಲ್ಲಿ ಸಂಸತ್ತಿನಲ್ಲೇ ನಿಜ ಹೊರಬಿತ್ತು: ಅಪರಾಧ ತನಿಖೆಗೆ ಪೊಲೀಸರು ಆ ಮಾಹಿತಿ ಪಡೆಯಬಹುದು. ಕೋಡಿನಲ್ಲಿ ಮೋಸ ಇರಲಿಲ್ಲ. ಪೊಲೀಸರಿಗೆ ಅಧಿಕಾರ ಕೊಟ್ಟದ್ದು ಮೊದಲಿನಿಂದಲೂ ಇದ್ದ ದಂಡ ಪ್ರಕ್ರಿಯಾ ಸಂಹಿತೆ. ಆಮೇಲೆ ಜನರ ಸಿಟ್ಟಿಗೆ ಮಣಿದು, ಏಳು ಬಗೆಯ ಗಂಭೀರ ಅಪರಾಧಗಳಿಗೆ ಮಾತ್ರ ಎಂದು ಹೊಸ ಕಾನೂನಿನಿಂದ ಮಿತಿ ಹಾಕಬೇಕಾಯಿತು.

ನಮ್ಮಲ್ಲಿ ಆ ಮಿತಿಯ ಅಳತೆಗೋಲು ಸಿಕ್ಕಿದ್ದು ಒಬ್ಬ ಕನ್ನಡಿಗರಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ಖಾಸಗಿತನ ಮೂಲಭೂತ ಹಕ್ಕು. ಸರ್ಕಾರ ಅದರಲ್ಲಿ ಕೈಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಕೈಹಾಕುವ ಪ್ರಮಾಣ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಅವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಮ್ಮ ಎಷ್ಟು ಕಾಲೇಜುಗಳಲ್ಲಿ ಅವರ ಹೆಸರು ಗೊತ್ತಿದೆ ಅಂತ ಕೇಳಿ ನೋಡಿ.

4. 'ಬೇಡ' ಅನ್ನಬಹುದೇ?

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ. ಐಟಿ ಕಂಪನಿಯಲ್ಲಿ ಕೂತವನು ಆ್ಯಪ್ ತೆಗೆದುಹಾಕಿ ಟ್ವೀಟ್ ಮಾಡಬಹುದು. ಡೆಲಿವರಿ ಹುಡುಗ, ಮನೆಗೆಲಸದ ಹೆಂಗಸು, ಊರಿಗೆ ರೈಲು ಹತ್ತಬೇಕಾದ ಕೂಲಿಯವನು ಹಾಗೆ ಮಾಡೋಕಾಗಲ್ಲ. ಗೇಟಿನಲ್ಲಿ ವಾಚ್‌ಮನ್ "ಆ್ಯಪ್ ತೋರ್ಸು" ಅಂದರೆ ತೋರಿಸಲೇಬೇಕು. ಅಲ್ಲಿ 'ಒಪ್ಪಿಗೆ' ಅನ್ನುವ ಪದಕ್ಕೆ ಅರ್ಥವೇ ಇರಲ್ಲ.

ಇದನ್ನು ಕೋರ್ಟಿಗೆ ಒಯ್ದವರು ಬೆಂಗಳೂರಿನ ಅನಿವರ್ ಅರವಿಂದ್, ಮುಕ್ತ ತಂತ್ರಾಂಶ ಚಳವಳಿಯಿಂದ ಬಂದವರು. 2020ರ ಅಕ್ಟೋಬರಿನಲ್ಲಿ ಕರ್ನಾಟಕ ಹೈಕೋರ್ಟ್, ಆರೋಗ್ಯ ಸೇತು ಇಲ್ಲ ಅನ್ನುವ ಕಾರಣಕ್ಕೆ ಸರ್ಕಾರ ನಾಗರಿಕರಿಗೆ ಸೇವೆ, ಸೌಲಭ್ಯ ನಿರಾಕರಿಸುವಂತಿಲ್ಲ ಎಂದಿತು. 2021ರ ಜನವರಿ 25ರಂದು ಅಂದಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಇನ್ನೊಂದು ಮಧ್ಯಂತರ ಆದೇಶ ಕೊಟ್ಟಿತು: ಬಳಕೆದಾರರ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಅವರ ಆರೋಗ್ಯದ ಮಾಹಿತಿಯನ್ನು ಬೇರೆ ಇಲಾಖೆ, ಸಂಸ್ಥೆಗಳಿಗೆ ಹಂಚುವಂತಿಲ್ಲ. ಹಂಚುವ ನಿಯಮ ಬೇರೆ ಕಡೆ ಇತ್ತು, ಆ್ಯಪ್‌ನಲ್ಲಿ ಜನ ಒಪ್ಪಿದ ಷರತ್ತುಗಳಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ ಅನ್ನುವುದನ್ನು ಕೋರ್ಟ್ ಗುರುತಿಸಿತು. ಕೋಡ್ ಅನ್ನು ಎಷ್ಟು ಓದಿದ್ದರೂ ಈ ದೋಷ ಸಿಗುತ್ತಿರಲಿಲ್ಲ.

ಈಗಿನ ಕಾನೂನು ಏನು ಹೇಳುತ್ತದೆ?

2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ತಪ್ಪು ಮಾಡಿದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಒಳ್ಳೆಯದೇ. ಆದರೆ 17ನೇ ಸೆಕ್ಷನ್ ನೋಡಿ: ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗೆ ತನ್ನ ಯಾವುದೇ ಸಂಸ್ಥೆಯನ್ನು ಕಾಯ್ದೆಯಿಂದ ಹೊರಗಿಡುವ ಅಧಿಕಾರ ಕೇಂದ್ರಕ್ಕಿದೆ. ದೂರು ಕೇಳುವ ಮಂಡಳಿಯ ಸದಸ್ಯರನ್ನು ನೇಮಿಸುವುದೂ ಕೇಂದ್ರವೇ.

ಇದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನೂ ತಿದ್ದಿದೆ. ಮೊದಲು, ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ, ಒಬ್ಬರ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದಿತ್ತು. ಈಗ 'ವೈಯಕ್ತಿಕ ಮಾಹಿತಿ' ಅಂದರೆ ಸಾಕು. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡಬಹುದು ಅನ್ನುವ 8(2) ಇನ್ನೂ ಇದೆ ಅಂತ ಸರ್ಕಾರ ಹೇಳುತ್ತದೆ, ಅದು ನಿಜ. ಆದರೆ ಅದನ್ನು ಬಳಸುವುದು ಅಧಿಕಾರಿಯ ವಿವೇಚನೆ. ನರೇಗಾ ಹಾಜರಿ ಪಟ್ಟಿ, ರೇಷನ್ ಪಟ್ಟಿಯಲ್ಲಿನ ಹೆಸರು ತೋರಿಸಿ ಅಂತ ಕೇಳುವ ಹಳ್ಳಿಯ ಕಾರ್ಯಕರ್ತರಿಗೆ "ಅದು ವೈಯಕ್ತಿಕ" ಎಂಬ ಉತ್ತರ ಸುಲಭವಾಗಿ ಸಿಗಬಹುದು. ನಾಗರಿಕರನ್ನು ಕಾಯಬೇಕಾದ ಖಾಸಗಿತನ ಅಧಿಕಾರಿಗಳಿಗೆ ಪರದೆ ಆಗುವ ಅಪಾಯ ಇದು.

ಹಾಗಾದರೆ ನಾವೇನು ಮಾಡಬಹುದು?

ಆ್ಯಪ್ ಹಾಕಿಕೊಳ್ಳುವ ಮುಂಚೆ ಅದು ಕೇಳುವ ಅನುಮತಿಗಳನ್ನು ನೋಡಿ. ಟಾರ್ಚ್ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ಸ್ ಬೇಕಿಲ್ಲ. ಕಚೇರಿ, ಕಾಲೇಜು, ಪಂಚಾಯಿತಿ ಯಾರೇ ಒಂದು ಆ್ಯಪ್ ಕಡ್ಡಾಯ ಅಂದರೆ ಯಾವ ಆದೇಶದ ಪ್ರಕಾರ ಅಂತ ಕೇಳಿ, ಪ್ರತಿ ಕೊಡಿ ಅನ್ನಿ. ಸರ್ಕಾರಿ ಆ್ಯಪ್ ಆದರೆ ಆರ್‌ಟಿಐ ಹಾಕಿ: ತಯಾರಿಸಿದವರು ಯಾರು, ಟೆಂಡರ್ ಎಷ್ಟರದು, ಮಾಹಿತಿ ಎಷ್ಟು ದಿನ ಇಡುತ್ತೀರಿ, ಯಾರ ಜೊತೆ ಹಂಚುತ್ತೀರಿ, 2015ರ ನೀತಿಯಂತೆ ಕೋಡ್ ಎಲ್ಲಿದೆ. ಹತ್ತು ರೂಪಾಯಿ ಶುಲ್ಕ, ಕನ್ನಡದಲ್ಲೇ ಬರೆಯಬಹುದು. ಕೋಡ್ ಓದಬಲ್ಲ ಗೆಳೆಯರಿದ್ದರೆ ವಕೀಲಿ ಓದುತ್ತಿರುವ ಗೆಳೆಯರ ಜೊತೆ ಕೂರಿಸಿ. ಆರೋಗ್ಯ ಸೇತು ವಿಷಯದಲ್ಲಿ ಫಲ ಕೊಟ್ಟದ್ದು ಆ ಜೋಡಿಯೇ.

ಸಂಚಾರ್ ಸಾಥಿ ಕಡ್ಡಾಯ ಹಿಂದೆ ಹೋದದ್ದಕ್ಕೆ ಖುಷಿಪಡೋಣ. ಆದರೆ ಹಿಂದೆ ಹೋದದ್ದು ಒಂದು ಸೂಚನೆ ಮಾತ್ರ. ಅಂಥದ್ದನ್ನು ಮತ್ತೆ ಹೊರಡಿಸದಂತೆ ತಡೆಯುವ ಕಾನೂನು ನಮ್ಮಲ್ಲಿ ಇನ್ನೂ ಇಲ್ಲ. ನಮ್ಮ ಸಂಸದರನ್ನು ಕೇಳಬೇಕಾದದ್ದು ಅದನ್ನೇ.